ಹಳದಿ ಕಲ್ಲಿನ ಮೇಲೆ ಕೆಂಪು ಉಂಗುರ

ಬೇಲೆಟ್ಸ್ ತಂಗುಮನೆ
16 ಜೂನ್ 1996

ಬೋತರ್ ಇಜಿಡೋರ್ ಅವರಿಗೆ,

ಆ ಗುರುತು ಅಲ್ಲಿತ್ತು. ಅದನ್ನು ಬರೆದವಳು ನಾನು. ಆಮೇಲೆ ಯಾರಿಗೂ ಕಾಣದ ಹಾಗೆ ಬೂದು ಬಣ್ಣ ಬಳಿದು ಮುಚ್ಚಿದವಳೂ ನಾನೇ.

ಇದನ್ನು ಮೊದಲೇ ಬರೆದುಬಿಟ್ಟೆ, ಏಕೆಂದರೆ ಕ್ಷೇಮಸಮಾಚಾರದಿಂದ ಶುರುಮಾಡಿದ ಮೂರು ಕಾಗದಗಳು ಒಲೆಗೆ ಹೋಗಿವೆ. ಕ್ಷೇಮ ಕೇಳುತ್ತಾ ಕೇಳುತ್ತಾ ಹೇಳಬೇಕಾದ್ದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ವಾಪಸು ಬರುತ್ತಿದ್ದೆ. ಜ್ಞಾನಸ್ನಾನದ ದಿನ ನನ್ನನ್ನು ತೋಳಲ್ಲಿ ಹಿಡಿದು ನಿಂತವರು ನೀವು. ಅದಕ್ಕೇ ನಿಮ್ಮನ್ನು ಇವತ್ತಿಗೂ ಬೋತರ್ ಎಂದು ಕರೆಯುತ್ತೇನೆ. ಹಾಗೆ ಕರೆಯುವ ಹಕ್ಕು ಇನ್ನೂ ಇದೆಯೋ ಇಲ್ಲವೋ ನೀವೇ ಹೇಳಬೇಕು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

1992ರ ವಸಂತದಲ್ಲಿ ನಾನು ಶಾಲೆ ಬಿಟ್ಟೆ. ಬೆಂಚಿನ ಮೇಲೆ ಕೂರಲಾಗುತ್ತಿರಲಿಲ್ಲ, ಅಷ್ಟೇ ಕಾರಣ. ಬೆಟ್ಟದ ಹಾದಿಗಳಲ್ಲಿ ಕಲ್ಲಿನ ಮೇಲೆ ದಾರಿಗುರುತು ಬರೆಯುವ ತಂಡಕ್ಕೆ ಫಿಲಿಪ್ ಚಿಕ್ಕಪ್ಪನೇ ಮುಖ್ಯಸ್ಥ. "ಪೆನ್ನು ಹಿಡಿಯೋಕಾಗಲ್ಲ ಅಂದ್ಮೇಲೆ ಕುಂಚ ಹಿಡಿ," ಎಂದು ಕರೆದುಕೊಂಡ. ಆಗಸ್ಟ್ ಹದಿನೈದರ ಮೇರಿಯಮ್ಮನ ಹಬ್ಬದ ಮರುದಿನ ನಾವು ಬೇಲೆಟ್ಸ್ ಶಿಖರದ ದಾರಿಗೆ ಹೋದೆವು. ಹಿಂದಿನ ಚಳಿಗಾಲದಲ್ಲಿ ಬಂಡೆ ಉರುಳಿ ದಾರಿಯ ಒಂದು ತುಂಡು ಹೋಗಿತ್ತು. ದಾರಿಯನ್ನು ಎಲ್ಲೋ ಒಂದು ಕಡೆ ತಿರುಗಿಸುತ್ತಾರೆ ಎಂದು ಕಣಿವೆಗೆಲ್ಲ ಗೊತ್ತಿತ್ತು. ನಿಮಗೂ ಗೊತ್ತಿತ್ತು.

ನಮ್ಮ ನಿಯಮ ನಿಮಗೆ ನೆನಪಿರಬಹುದು. ಗುರುತು ಬರೆಯಲು ಇಬ್ಬರು ಹೋಗಬೇಕು. ಮಂಜಿನಲ್ಲಿ ಕುಂಚ ಎತ್ತಬಾರದು. ಆ ದಿನ ಚಿಕ್ಕಪ್ಪನ ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು. ಕಣಿವೆಬಾಯಿಯಲ್ಲಿ ಕೂತುಕೊಂಡು, "ಹಳೇ ಬೊಟ್ಟು ಕಂಡಲ್ಲೆಲ್ಲ ಹೊಸದು ಮಾಡ್ಕೊಂಡು ಹೋಗು. ಹೊಸ ಜಾಗಕ್ಕೇನಾದ್ರೂ ಕುಂಚ ತಾಗ್ಸಿದೆ, ಕೈ ಮುರೀತೀನಿ," ಎಂದ.

ಮಂಜು ಬಂತು. ಕೂರಬೇಕಿತ್ತು, ಕೂರಲಿಲ್ಲ. ಬಂಡೆಗೋಡೆಯ ಮೇಲಿನ ಅಂಚುದಾರಿ ಎರಡಾಗಿ ಕವಲೊಡೆಯುವಲ್ಲಿ, ಮೇಲಿನ ಅಂಚಿನ ಕಡೆ, ಎಂಟು ಹೆಜ್ಜೆ ಆಚೆಗೆ, ಮಾಸಿದ ಕೆಂಪು ವೃತ್ತವೊಂದು ಕಂಡಿತು. ಹಳೆಯ ಗುರುತು ಎಂದುಕೊಂಡೆ. ನಡುವೆ ಬಿಳಿ ಬೊಟ್ಟು ಇಟ್ಟೆ, ಸುತ್ತ ಕೆಂಪು ಉಂಗುರ ಬರೆದೆ. ಅದು ಹಳೆಯ ಗುರುತಲ್ಲ. ಕಲ್ಲಿನೊಳಗಿನ ಕಬ್ಬಿಣ ಮಳೆಗೆ ಕರಗಿ ಹೊರಗೆ ಇಳಿದ ತುಕ್ಕು.

ಮುಂದಿನ ಹಳೆಯ ಬೊಟ್ಟು ನನಗೆ ಕೆಳಗಿನ ಅಂಚಿನಲ್ಲಿ, ತಿರುವಿನ ಆಚೆಗೆ ಸಿಕ್ಕಿತು. ಆಗಲೇ ಅನುಮಾನ ಬರಬೇಕಿತ್ತು. ಬಂತು. ಬಂತು ಎಂಬುದನ್ನೂ ಬರೆಯುತ್ತಿದ್ದೇನೆ. ಹಿಂದಕ್ಕೆ ಹೋಗಿ ನೋಡಲಿಲ್ಲ.

ಹದಿಮೂರು ದಿನದ ಮೇಲೆ ನೀವು ಗ್ರಾಜ್ ಊರಿನ ಲೈಟ್‌ಗೆಬ್ ಅವರನ್ನು ಗೈಡಾಗಿ ಹಗ್ಗಕ್ಕೆ ಕಟ್ಟಿಕೊಂಡು ಅದೇ ಕವಲಿಗೆ ಬಂದಿರಿ. ಮಂಜಿತ್ತು. ಹೊಸ ಬಣ್ಣ ಕಂಡು ದಾರಿ ತಿರುಗಿಸಿದ್ದಾರೆ ಎಂದುಕೊಂಡಿರಿ. ಗುರುತು ದಾಟಿದ ಮೇಲೆ ಅಂಚು ಮುರಿಯಿತು. ನಿಮ್ಮ ಹಗ್ಗ ಅವರನ್ನು ಹಿಡಿಯಿತು, ಆದರೆ ಬಿದ್ದ ಕಲ್ಲು ಅವರ ಎಡಗಾಲನ್ನು ಮೊಣಕಾಲಿನ ಕೆಳಗೆ ಜಜ್ಜಿತು, ಆಸ್ಪತ್ರೆಯಲ್ಲಿ ಅದನ್ನು ತೆಗೆದರು. ಆ ಸಂಜೆ ನಮ್ಮ ಅಡಿಗೆಮನೆಯಲ್ಲಿ ನೀವು, "ಗುರುತಿತ್ತು, ಫಿಲಿಪ್. ಹೊಸಾ ಗುರುತು," ಎಂದಾಗ ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ಮರುದಿನ ಬೆಳಕು ಹರಿಯುವ ಮುಂಚೆ, ರದ್ದಾದ ಗುರುತುಗಳನ್ನು ಮುಚ್ಚಲು ನಾವಿಟ್ಟುಕೊಳ್ಳುವ ಬೂದು ಬಣ್ಣದ ಡಬ್ಬಿ ಹಿಡಿದು ಮೇಲೆ ಹೋದೆ.

ಗೈಡುಗಳ ಸಂಘದಿಂದ ಮೂವರು ಬಂದರು. ಏನೂ ಸಿಗಲಿಲ್ಲ. ಲೈಟ್‌ಗೆಬ್ ಅವರು, "ನಾನು ಗೈಡಿನ ಹಿಮ್ಮಡಿ ನೋಡಿಕೊಂಡು ನಡೆಯುತ್ತಿದ್ದೆ, ಬೇರೇನೂ ನೋಡಲಿಲ್ಲ," ಎಂದರು. ನೀವು ಗೈಡಿನ ಬ್ಯಾಡ್ಜನ್ನು ಮೇಜಿನ ಮೇಲಿಟ್ಟು ಕಣಿವೆ ಬಿಟ್ಟು ಹೋದಿರಿ.

ನನಗೆ ಆಗ ಹದಿನಾರು. ಇದು ನೆವವಲ್ಲ, ವಯಸ್ಸು ಅಷ್ಟೇ.

ಪೊಲೊನಾ


ಬೇಲೆಟ್ಸ್ ತಂಗುಮನೆ
7 ಜುಲೈ 1996

ಬೋತರ್,

ಮೂರು ಮಂಗಳವಾರ ಕಳೆದವು. ಮಂಗಳವಾರ ಕಣಿವೆಯಿಂದ ತಂತಿಬುಟ್ಟಿ ಮೇಲೆ ಬರುತ್ತದೆ. ಹಿಟ್ಟು, ಬಿಯರ್, ಗ್ಯಾಸು, ಟಪಾಲು. ರಾಟೆಯ ಸದ್ದು ಕೇಳಿದೊಡನೆ ನಾನು ಓಡುವುದನ್ನು, ನಾನು ಕೆಲಸಕ್ಕಿರುವ ಈ ತಂಗುಮನೆ ನಡೆಸುವ ತೆರೆಜಿಯಾ ಗಮನಿಸಿದ್ದಾಳೆ.

"ಯಾವೂರ ಹುಡುಗನೇ ಅವ್ನು?" ಎಂದು ಕೇಳಿದಳು.

"ಐವತ್ತೆಂಟು ವರ್ಷದ ಹುಡುಗ," ಎಂದೆ.

"ಹಾಗಾದ್ರೆ ಬರೀತಾನೆ ಬಿಡು. ಕನ್ನಡಕ ಹುಡುಕ್ತಿರ್ತಾನೆ."

ಈ ವರ್ಷ ನೀರಿಲ್ಲ. ಮಾಡಿನಿಂದ ತೊಟ್ಟಿಗೆ ಇಳಿದದ್ದು ಅಡಿಗೆಗೇ ಸಾಲದು. ಹಿಂದಿನ ಗುಳಿಯಲ್ಲಿ ಉಳಿದಿರುವ ಹಿಮವನ್ನು ಡಬ್ಬಿಯಲ್ಲಿ ಬೆನ್ನಿಗೆ ಹೊತ್ತು ತರುತ್ತೇನೆ, ದಿನಕ್ಕೆ ಹತ್ತು ಹನ್ನೆರಡು ಸಲ. ಮೊನ್ನೆ ಎರಡು ಗಂಟೆ ಮಳೆ ಹೊಯ್ದಿತು. ನಿಂತ ಅರ್ಧ ಗಂಟೆಗೆ ಬಂಡೆ ಒಣಗಿ ಬೆಳ್ಳಗಾಗಿ ನನ್ನನ್ನೇ ನೋಡುತ್ತಿತ್ತು. ಸುಣ್ಣಕಲ್ಲಿನ ಬೆಟ್ಟ ಕುಡಿದದ್ದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಕೆಳಗೆ ಕಣಿವೆಯಲ್ಲಿ ಕಕ್ಕುತ್ತದೆ, ತಡವಾಗಿಯಾದರೂ ಕಕ್ಕುತ್ತದೆ ಎಂದು ನೀವು ಹೇಳುತ್ತಿದ್ದಿರಿ.

ಮೊದಲ ಕಾಗದದಲ್ಲಿ ಒಂದು ಮಾತು ಬಿಟ್ಟಿದ್ದೆ. ನಾಲ್ಕು ವರ್ಷ ಸುಮ್ಮನಿದ್ದವಳು ಈಗೇಕೆ ಬರೆದೆ ಎಂಬುದು. ಜೂನ್ ಮೊದಲ ವಾರ ಹಿಮ ಕರಗಿದ ಮೇಲೆ ದಾರಿ ನೋಡಿ ಬರಲು ಕವಲಿನವರೆಗೆ ಹೋಗಿದ್ದೆ. ದೂರದಿಂದಲೇ ಕಂಡಿತು. ಬೂದು ಬಣ್ಣ ಒಂದು ಕಡೆ ಸಿಪ್ಪೆಯೆದ್ದು, ಕೆಳಗಿನಿಂದ ಉಗುರಿನಷ್ಟು ಕೆಂಪು ಇಣುಕುತ್ತಿತ್ತು. ಅದು ಇಣುಕದಿದ್ದರೆ ಈ ವರ್ಷವೂ ಬರೆಯುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಒಳ್ಳೆಯವಳಾಗಿ ಬರೆದಳು ಎಂದು ನೀವು ತಿಳಿಯಬಾರದು.

ನಲವತ್ತು ಕಿಲೋ ಹೊತ್ತು ಹತ್ತಿದಾಗ ಬರುವ ಆಯಾಸ ಮಲಗಿದರೆ ಹೋಗುತ್ತದೆ. ಇನ್ನೊಂದು ಆಯಾಸವಿದೆ. ಅದು ಮಲಗಿ ಎದ್ದಾಗಲೇ ಹೆಚ್ಚಾಗಿರುತ್ತದೆ. ಅದನ್ನು ನಿಮ್ಮ ತಲೆಗೆ ಕಟ್ಟಲು ಬರೆಯುತ್ತಿಲ್ಲ. ಇದೆ ಎಂದು ಬರೆಯುತ್ತಿದ್ದೇನೆ.

ನೀವು ಉತ್ತರ ಬರೆಯದಿದ್ದರೂ ನ್ಯಾಯವೇ.

ಪೊಲೊನಾ


ಕೋಪರ್
18 ಜುಲೈ 1996

ಪೊಲೊನಾ,

ಕನ್ನಡಕ ಸಿಕ್ಕಿತು.

ಎರಡು ಕಾಗದಗಳೂ ಬಂದಿವೆ. ಮೊದಲನೆಯದನ್ನು ಓದಿ ಮಡಿಸಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ. ಎರಡನೆಯದು ಬಂದಮೇಲೆ ಮತ್ತೆ ತೆಗೆದೆ.

ಇಲ್ಲಿ ನಾನು ಬಂದರಿನ ಪಕ್ಕ, ಕಾರು ನಿಲ್ಲಿಸುವ ಜಾಗದಲ್ಲಿ ಗೇಟು ಎತ್ತುತ್ತೇನೆ, ಇಳಿಸುತ್ತೇನೆ. ಸಮುದ್ರಮಟ್ಟದಿಂದ ಎರಡು ಮೀಟರ್ ಎತ್ತರ. ಬೇರೆ ಗೇಟಿನಲ್ಲಿರುವ ಮುದುಕ ಮೊನ್ನೆ, "ನೀನು ಮೆಟ್ಟಿಲಿಳಿಯೋವಾಗ ಹಿಂದುಮುಂದಾಗಿ ಇಳೀತೀಯಲ್ಲ, ಹಡಗಿನಲ್ಲಿದ್ದೆಯಾ?" ಎಂದು ಕೇಳಿದ. ಹೌದು ಎಂದೆ.

ನೀನು ಬರೆದದ್ದು ನಿಜವಾದರೆ ನಿನಗೆ ಒಂದು ವಿಷಯ ತಿಳಿದಿರಬೇಕು. ನನ್ನ ಬ್ಯಾಡ್ಜನ್ನು ಯಾರೂ ಕೇಳಲಿಲ್ಲ. ನಾನೇ ಇಟ್ಟೆ. ಸಂಘದ ಮೂವರ ಜೊತೆ ಕವಲಿನವರೆಗೆ ನಾನೂ ಹೋಗಿದ್ದೆ. ಮಳೆ ಬರುತ್ತಿತ್ತು, ಮೇಲಿನ ಅಂಚಿಗೆ ಕಾಲಿಡುವ ಹಾಗಿರಲಿಲ್ಲ. ಎಂಟು ಹೆಜ್ಜೆ ದೂರದಿಂದ ನೋಡಿದೆ. ಒದ್ದೆ ಬಂಡೆಯಲ್ಲದೆ ಏನೂ ಇರಲಿಲ್ಲ. ಅವರು ನನ್ನನ್ನು ಅನುಮಾನಿಸಿದ್ದು ಅಷ್ಟಕ್ಕಷ್ಟೇ. ನನ್ನನ್ನು ಪೂರ್ತಿ ಅನುಮಾನಿಸಿದವನು ನಾನು. ಇಲ್ಲದ್ದನ್ನು ಇದೆ ಎಂದು ಕಾಣುವವನು ತನ್ನ ಹಗ್ಗಕ್ಕೆ ಇನ್ನು ಯಾರನ್ನು ಕಟ್ಟಿಕೊಳ್ಳಬೇಕು? ಕಣ್ಣಿನ ಡಾಕ್ಟರಿಗೆ ಮೂರು ಸಲ ತೋರಿಸಿದೆ. ಸರಿಯಾಗಿದೆ ಎನ್ನುತ್ತಾರೆ. ಹಾಗಾದರೆ ಕೆಟ್ಟಿರುವುದು ಕಣ್ಣಿನ ಹಿಂದೆ ಎಂದಾಯಿತು. ಇವತ್ತಿಗೂ ಗೇಟಿನ ಹಸಿರು ದೀಪವನ್ನು ಎರಡು ಸಲ ನೋಡಿಯೇ ಕಾರು ಬಿಡುತ್ತೇನೆ.

ಈಗ ನೀನು ಬಂದು ಇತ್ತು ಎನ್ನುತ್ತೀಯ. ಊರಿನಲ್ಲಿ ನನ್ನ ಮೇಲೆ ಕನಿಕರವುಳ್ಳವರಿದ್ದಾರೆ. ನಿನ್ನ ತಾಯಿ ಪ್ರತಿ ಕ್ರಿಸ್‌ಮಸ್ಸಿಗೆ ಒಣಹಣ್ಣಿನ ರೊಟ್ಟಿ ಕಳಿಸುತ್ತಾಳೆ. ರೊಟ್ಟಿ ಸರಿ. ಕನಿಕರದ ಸುಳ್ಳು ನನಗೆ ಬೇಡ.

ಆ ಗುರುತಿನ ಬಿಳಿ ಬೊಟ್ಟಿನಲ್ಲಿ ಒಂದು ಐಬಿತ್ತು. ನಾನು ಕಂಡೆ, ಅಥವಾ ಕಂಡೆ ಎಂದುಕೊಂಡೆ. ಅದನ್ನು ಯಾರಿಗೂ ಹೇಳಿಲ್ಲ. ಏನೆಂದು ಬರೆ. ಬರೆಯಲಾಗದಿದ್ದರೆ ಮತ್ತೆ ಕಾಗದ ಹಾಕಬೇಡ.

ಇಜಿಡೋರ್


ಬೇಲೆಟ್ಸ್ ತಂಗುಮನೆ
23 ಜುಲೈ 1996

ಬೋತರ್,

ನನಗೆ ನೆನಪಿಲ್ಲ.

ಇಡೀ ದಿನ ಪಾತ್ರೆ ತೊಳೆಯುತ್ತಾ ಅದನ್ನೇ ಯೋಚಿಸಿದೆ. ಬಣ್ಣ ಕೆಳಗಿಳಿದಿತ್ತು ಎಂದು ಬರೆಯಬಹುದು. ಅವಸರದಲ್ಲಿ ಬರೆದ ಹತ್ತು ಗುರುತುಗಳಲ್ಲಿ ಎಂಟರಲ್ಲಿ ಇಳಿದಿರುತ್ತದೆ. ಆದರೆ ಅದು ಊಹೆ. ಊಹೆ ಮಾಡಿ ಗುರುತಿಟ್ಟದ್ದು ಒಂದು ಸಲ ಸಾಕು.

ನನಗೆ ನೆನಪಿಲ್ಲದಿದ್ದರೂ ಕಲ್ಲಿನ ಮೇಲಿದೆ. ಆ ಬೆಳಗಿನ ನಂತರ ನಾನು ಕವಲಿನಿಂದ ಮೇಲೆ ಹೋಗಿಯೇ ಇಲ್ಲ. ಗುರುವಾರ ತೆರೆಜಿಯಾ ರಜೆ ಕೊಡುತ್ತಾಳೆ. ಹೋಗಿ ಬೂದು ಬಣ್ಣ ಕೆರೆದು, ಇದ್ದದ್ದನ್ನು ಬರೆಯುತ್ತೇನೆ. ಅಲ್ಲಿಯವರೆಗೆ ಈ ಕಾಗದವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪೊಲೊನಾ


ಬೇಲೆಟ್ಸ್ ತಂಗುಮನೆ
28 ಜುಲೈ 1996

ಬೋತರ್,

ಗುರುವಾರ ನಸುಕಿನಲ್ಲಿ ಹೊರಟೆ. ತೆರೆಜಿಯಾ ಬ್ರೆಡ್ಡು ಕಟ್ಟಿಕೊಡುತ್ತಾ, "ಶಾಲೆಗೆ ಹಿಂಗೆ ಎದ್ದಿದ್ರೆ ಇಷ್ಟೊತ್ತಿಗೆ ಮಂತ್ರಿ ಆಗಿರ್ತಿದ್ದೆ," ಎಂದಳು. ಚೀಲದಲ್ಲಿ ತಂತಿ ಬ್ರಷ್ಷು, ಚಪ್ಪಟೆ ಚೂರಿ, ಟರ್ಪೆಂಟೈನ್ ಬಾಟಲಿ ಇದ್ದವು. ಹಗ್ಗ ಚಿಕ್ಕಪ್ಪನದು.

ಮೊದಲ ಗಂಟೆ ಜಲ್ಲಿಯ ಇಳಿಜಾರು. ಎರಡು ಹೆಜ್ಜೆ ಮೇಲಿಟ್ಟರೆ ಒಂದು ಹೆಜ್ಜೆ ಕೆಳಗೆ ಬರುವ ಕೆಲಸ. ಆಮೇಲೆ ಬೋಳುಬಂಡೆಯ ಹಾಸು. ಮಳೆ ಕೊರೆದ ಸಾಲುಗಳು ಚಾಕುವಿನ ಹಾಗೆ ನಿಂತಿವೆ. ಬೂಟಿನ ತಳ ತಿನ್ನುವ ಜಾಗ. ಅಲ್ಲೊಂದು ಬಾವಿಯಂಥ ಆಳಗುಂಡಿಗೆ ಚಿಕ್ಕವಳಿದ್ದಾಗ ನೀವು ನನ್ನಿಂದ ಕಲ್ಲು ಹಾಕಿಸಿ ಎಣಿಸಲು ಹೇಳುತ್ತಿದ್ದಿರಿ. ಈ ಸಲವೂ ಹಾಕಿದೆ. ಏಳು ಎಣಿಸಿದ ಮೇಲೆ ಸದ್ದು ಬಂತು. ಬಂಡೆಯಲ್ಲಿ ಗೊರಸಿನಂಥ ಕಡಲಚಿಪ್ಪಿನ ಅಚ್ಚುಗಳು ಹಾಗೆಯೇ ಇವೆ. ಇವು ಕಾಡುಮೇಕೆಗಳು ಕಲ್ಲು ಮೆತ್ತಗಿದ್ದಾಗ ಓಡಾಡಿದ ಗುರುತು ಎಂದು ನೀವು ಹೇಳಿದ್ದನ್ನು ನಂಬಿ ನಾನು ತರಗತಿಯಲ್ಲಿ ಹೇಳಿ ನಗೆಪಾಟಲಾಗಿದ್ದೆ. ಅದನ್ನು ನಿಮಗೆ ಹೇಳಿರಲಿಲ್ಲ.

ಕಬ್ಬಿಣದ ಗೂಟಗಳ ಗೋಡೆ ಹತ್ತುವಾಗ ಕೈ ತಣ್ಣಗಿತ್ತು. ಬೂದು ಕಲ್ಲಿನಲ್ಲಿ ಬೆರಳಿಗೆ ಬೇಕಾದಲ್ಲಿ ಬೇಕಾದಷ್ಟು ಗುಳಿ. ಆದರೆ ತುದಿಬೆರಳಿನ ಚರ್ಮ ಹತ್ತೇ ನಿಮಿಷದಲ್ಲಿ ಹೋಗುತ್ತದೆ. ಹಿಡಿಯುವ ಮುಂಚೆ ತಟ್ಟಿದೆ, ಬೆಂದ ಬ್ರೆಡ್ಡಿನ ತಳ ತಟ್ಟಿ ನೋಡುವ ಹಾಗೆ. ನೀವು ಕಲಿಸಿದ್ದು. ಬೂದು ಕಲ್ಲು ಗಟ್ಟಿ ಸದ್ದು ಕೊಡುತ್ತದೆ, ಹಳದಿ ಕಲ್ಲು ಟೊಳ್ಳು.

ಕವಲಿನಲ್ಲಿ ಗೂಟಕ್ಕೆ ಹಗ್ಗ ಬಿಗಿದು ಮೇಲಿನ ಅಂಚಿಗೆ ಕಾಲಿಟ್ಟೆ. ಎಂಟು ಹೆಜ್ಜೆ. ಗುರುತು ನನ್ನ ಭುಜದ ಎತ್ತರಕ್ಕಿದೆ. ಅಂದು ಅದಕ್ಕಿಂತ ಸ್ವಲ್ಪ ಮೇಲಿತ್ತು. ಟರ್ಪೆಂಟೈನ್ ಬಳಿದು ಕಾದು ನಿಂತೆ. ಬೂದು ಬಣ್ಣ ಹಾವಿನ ಪೊರೆಯ ಹಾಗೆ ಬಿಟ್ಟುಕೊಂಡು ಬಂತು. ಮೊದಲು ಕೆಂಪು, ಆಮೇಲೆ ಬಿಳಿ.

ಬಿಳಿ ಬೊಟ್ಟಿನ ಕೆಳಗಿನ ಎಡ ಅಂಚಿನಲ್ಲಿ ಒಂದು ಹೆಬ್ಬೆರಳಿದೆ. ಬಣ್ಣ ಇಳಿಯತೊಡಗಿದಾಗ ಒತ್ತಿ ಹಿಡಿದ ಹೆಬ್ಬೆರಳು. ಅದನ್ನು ಕಂಡೊಡನೆ ನೆನಪಾಯಿತು. ಕೈಯನ್ನು ಚಡ್ಡಿಗೆ ಒರೆಸಿಕೊಂಡಿದ್ದೆ, ಅಮ್ಮ ಬೈದಿದ್ದಳು. ಹೆಬ್ಬೆರಳನ್ನು ಅಚ್ಚಿನ ಮೇಲಿಟ್ಟು ನೋಡಿದೆ. ಈಗ ಸ್ವಲ್ಪ ದೊಡ್ಡದಾಗಿದೆ. ಉಗುರಿನ ಪಕ್ಕದ ಗಾಯದ ಗೆರೆ ಅದೇ.

ಐಬು ಅದೇ ಆದರೆ ನಿಮ್ಮ ಕಣ್ಣು ಸರಿಯಾಗಿತ್ತು. ಅದಲ್ಲದಿದ್ದರೆ ಬೇರೆ ಏನೂ ಅಲ್ಲಿಲ್ಲ. ನಾನು ಚೆನ್ನಾಗಿ ನೋಡಿದ್ದೇನೆ.

ಅಲ್ಲಿಂದ ವಾಪಸು ಬರಬೇಕಿತ್ತು. ಬರಲಿಲ್ಲ. ಕೆಳಗಿನ ಅಂಚು ಹಿಡಿದು, ಕೊನೆಯ ಕಿರುಕೊರಕಲು ಹತ್ತಿ ಶಿಖರಕ್ಕೆ ಹೋದೆ. ಖುಷಿ ಆಗಲಿಲ್ಲ. ಬ್ರೆಡ್ಡನ್ನು ಬಿಚ್ಚದೆ ಚೀಲದಲ್ಲೇ ಬಿಟ್ಟೆ. ತಗಡಿನ ಪೆಟ್ಟಿಗೆಯಲ್ಲಿ ಶಿಖರದ ಪುಸ್ತಕ ಇತ್ತು. ಎಲ್ಲರೂ ಹೆಸರು ಬರೆದು, ಹವೆ ಚೆನ್ನಾಗಿದೆ, ನೋಟ ಸೊಗಸಾಗಿದೆ ಎಂದು ಬರೆದಿದ್ದರು. ನಾನು ಹೆಸರಿನ ಕೆಳಗೆ, "ಮೇಲಿನ ಅಂಚಿನ ಗುರುತು ತಪ್ಪು. 1992ರಲ್ಲಿ ಬರೆದವಳೂ ಮುಚ್ಚಿದವಳೂ ನಾನು. ಇಜಿಡೋರ್ ಮ್ಲೆಕುಜ್ ಹೇಳಿದ್ದು ನಿಜ," ಎಂದು ಬರೆದು, ಪೆಟ್ಟಿಗೆಯಲ್ಲಿದ್ದ ಶಿಖರದ ಮೊಹರು ಒತ್ತಿದೆ. ದಕ್ಷಿಣಕ್ಕೆ, ಗುಡ್ಡಗಳೆಲ್ಲ ಮುಗಿದಲ್ಲಿ, ಸಮುದ್ರ ಒಂದು ಬಿಳಿ ಗೆರೆಯಾಗಿ ಕಾಣುತ್ತಿತ್ತು. ಹತ್ತು ಗಂಟೆಯಾಗಿತ್ತು. ನೀವು ಗೇಟಿನಲ್ಲಿರುವ ಹೊತ್ತು.

ಇಳಿದು ಬರುವಾಗ ಕವಲಿನಲ್ಲಿ ಗಂಡಹೆಂಡತಿ ಇಬ್ಬರು ನಿಂತಿದ್ದರು. ಗಂಡ ಮೇಲಿನ ಅಂಚಿಗೆ ಒಂದು ಕಾಲು ಇಟ್ಟಾಗಿತ್ತು.

"ಆ ಕಡೆ ಅಲ್ಲ," ಎಂದೆ.

"ಗುರುತಿದೆಯಲ್ಲಮ್ಮಾ, ಕಣ್ಣು ಕಾಣಲ್ವಾ?" ಎಂದ.

ಬೋತರ್, ಅವನು ನೀವು ನಿಂತ ಜಾಗದಲ್ಲೇ ನಿಂತಿದ್ದ. "ಅದನ್ನ ಬರ್ದಿದ್ದು ನಾನೇ. ತಪ್ಪಾಗಿ ಬರ್ದಿದೀನಿ. ಇಳೀರಿ," ಎಂದೆ. ಹೆಂಡತಿ ಅವನ ಚೀಲ ಹಿಡಿದೆಳೆದಳು.

ಈಗ ಕಷ್ಟ ಇದು. ಗುರುತನ್ನು ಮತ್ತೆ ಮುಚ್ಚಿದರೆ ಸಂಘದವರಿಗೆ ತೋರಿಸಲು ಏನೂ ಇರುವುದಿಲ್ಲ. ಬಿಟ್ಟರೆ ಇನ್ನೊಬ್ಬರು ಹೋಗುತ್ತಾರೆ. ಅಂಚಿನ ಬಾಯಿಗೆ ಸೊಂಟದೆತ್ತರ ಕಲ್ಲು ಪೇರಿಸಿ, ಮೇಲೆ ಅಡ್ಡ ಹಗ್ಗ ಕಟ್ಟಿ ಬಂದಿದ್ದೇನೆ. ಕಾಡುಮೇಕೆಗಳು ಅದನ್ನು ಕೆಡವುತ್ತವೆ. ಅದಕ್ಕೇ ದಿನಾ ಬೆಳಗ್ಗೆ ಮೊದಲ ಚಾರಣಿಗರಿಗಿಂತ ಮುಂಚೆ ಹೋಗಿ ನೋಡಿ, ತಿಂಡಿಯ ಹೊತ್ತಿಗೆ ಕೆಳಗೆ ಬರುತ್ತೇನೆ. ಸಂಘಕ್ಕೆ ಇವತ್ತೇ ಬರೆದಿದ್ದೇನೆ. ಅವರು ಬರುವವರೆಗೆ ಹೀಗೇ.

ಪೊಲೊನಾ


ಕೋಪರ್
15 ಆಗಸ್ಟ್ 1996

ಪೊಲೊನಾ,

ಹೆಬ್ಬೆರಳು. ಹೌದು.

ನಿನ್ನ ಕಾಗದವನ್ನು ಗೇಟಿನ ಪೆಟ್ಟಿಗೆಯಲ್ಲೇ ಕೂತು ಓದಿದೆ. ಓದಿ ಮುಗಿಸಿದಾಗ ಏಳು ಕಾರುಗಳು ಹಾರ್ನು ಹೊಡೆಯುತ್ತಿದ್ದವು. ಯಾರೋ ಇಳಿದು ಬಂದು, "ಯಜಮಾನ್ರೇ, ಜೀವ ಇದೆಯಾ?" ಎಂದ. ಆಮೇಲೆ ಗೇಟು ಎತ್ತಿದೆ. ಹಸಿರು ದೀಪವನ್ನು ಒಂದೇ ಸಲ ನೋಡಿದೆ.

ಒಂದು ವಾರ ಸಂತೋಷವಾಗಿತ್ತು. ಮುಂದಿನ ವಾರ ಸಿಟ್ಟು. ನಾಲ್ಕು ವರ್ಷ ನೀನು ಅಲ್ಲಿ ಅದೇ ಹಿಮ ಹೊತ್ತು, ಅದೇ ಗೋಡೆ ನೋಡುತ್ತಾ ಇದ್ದೆ ಎಂಬುದನ್ನು ನೆನೆದಾಗಲೆಲ್ಲ ಪಾತ್ರೆ ಎತ್ತಿ ಕುಕ್ಕುತ್ತಿದ್ದೆ. ಈಗ ಎರಡೂ ಇಲ್ಲ. ಸುಸ್ತಾಗಿದೆ. ಕ್ಷಮಿಸಿದೆ ಎಂದು ಬರೆಯಲು ನನ್ನಿಂದ ಆಗದು. ಕ್ಷಮಿಸಲಿಲ್ಲ ಎಂದು ಬರೆಯಲೂ ಕೈ ಬರುತ್ತಿಲ್ಲ. ಅದು ಹಾಗೇ ಇರಲಿ.

ಆದರೆ ನೀನು ಎಲ್ಲ ಬರೆದಮೇಲೆ ನಾನು ಮುಚ್ಚಿಡುವುದು ಸರಿಯಲ್ಲ. ಅಂದು ಆ ಗುರುತಿನ ಹತ್ತಿರ ನಿಂತು ನಾನೂ ಕಲ್ಲನ್ನು ತಟ್ಟಿದ್ದೆ. ಟೊಳ್ಳು ಸದ್ದು ಬಂತು. ಮಂಜಿನಲ್ಲೂ ಕಾಣುತ್ತಿತ್ತು, ಮುಂದೆಲ್ಲ ಹಳದಿ. ಕಲ್ಲು ಬೇಡ ಎಂದಿತು, ಬಣ್ಣ ಬಾ ಎಂದಿತು. ಇಪ್ಪತ್ತಾರು ವರ್ಷ ಗೈಡಾಗಿದ್ದವನು ಬಣ್ಣದ ಮಾತು ಕೇಳಿದೆ. ಅದನ್ನು ಸಂಘಕ್ಕೂ ಹೇಳಲಿಲ್ಲ, ಲೈಟ್‌ಗೆಬ್‌ಗೂ ಹೇಳಲಿಲ್ಲ. ಗುರುತೇ ಇರಲಿಲ್ಲ ಎಂದಮೇಲೆ ತಟ್ಟಿದ್ದನ್ನು ಯಾರು ಕೇಳುತ್ತಾರೆ ಎಂದುಕೊಂಡೆ. ನನ್ನ ತಪ್ಪೂ ನಿನ್ನ ಬೂದು ಬಣ್ಣದ ಕೆಳಗೇ ಮುಚ್ಚಿಹೋಯಿತು.

ಲೈಟ್‌ಗೆಬ್ ನನಗೆ ಒಂದೇ ಒಂದು ಸಲ ಬರೆದಿದ್ದರು. "ಇಲ್ಲದ ಗುರುತಿನ ಕತೆ ಕಟ್ಟದೆ ತಪ್ಪಾಯಿತು ಎಂದಿದ್ದರೆ ನಿಮ್ಮನ್ನು ಗೌರವಿಸುತ್ತಿದ್ದೆ" ಎಂದು. ಆ ಕಾಲು ನನ್ನದಲ್ಲ, ನಿನ್ನದಲ್ಲ, ಅವರದು. ಸಂಘಕ್ಕಿಂತ ಮೊದಲು ಅವರಿಗೆ ಗೊತ್ತಾಗಬೇಕಿತ್ತು. ವಿಳಾಸ ಈ ಹಾಳೆಯ ಹಿಂದಿದೆ. ನನ್ನ ಪಾಲಿನದನ್ನು ಬೇರೆ ಕಾಗದದಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ಅಂಟಿಸಿಲ್ಲ, ನೀನೂ ಓದಬಹುದು. ಅದನ್ನು ಹೇಗೆ ತಲುಪಿಸಬೇಕೋ ನೀನೇ ಯೋಚಿಸು.

ದಿನಾ ಬೆಳಗ್ಗೆ ಹತ್ತಿ ಇಳಿಯುತ್ತಿದ್ದೀಯಲ್ಲ, ಇಳಿಯುವಾಗ ಮೊಣಕಾಲು ಜೋಪಾನ. ನಿಮ್ಮ ವಂಶದಲ್ಲಿ ಮೊದಲು ಹೋಗುವುದೇ ಅದು.

ನಿನ್ನ ಬೋತರ್


ಬೊವೆಟ್ಸ್
29 ಸೆಪ್ಟೆಂಬರ್ 1996

ಬೋತರ್,

ನಿಮ್ಮ ಕಾಗದದ ಕೊನೆಯ ಸಾಲನ್ನು, ಸಹಿಯ ಸಾಲನ್ನು, ಎಷ್ಟು ಸಲ ಓದಿದೆ ಎಂದು ಬರೆಯುವುದಿಲ್ಲ. ಉತ್ತರ ಬರೆಯಲು ತಡವಾಯಿತು. ಪೂರ್ತಿ ಮುಗಿದ ಮೇಲೆ ಬರೆಯೋಣ ಎಂದಿದ್ದೆ. ಪೂರ್ತಿ ಮುಗಿಯುವುದಿಲ್ಲ ಎಂದು ಈಗ ಕಾಣುತ್ತಿದೆ.

ಸಂಘದವರು ಬರಲು ಏಳು ವಾರ ತೆಗೆದುಕೊಂಡರು. ಅಷ್ಟೂ ದಿನ ಬೆಳಗ್ಗೆ ಹೋಗಿ ಬಂದೆ. ನಾನು ಪೇರಿಸಿದ ಕಲ್ಲುಗಳನ್ನು ಕಾಡುಮೇಕೆಗಳು ಹನ್ನೊಂದು ಸಲ ಕೆಡವಿದವು. ತೆರೆಜಿಯಾಗೆ ಎಲ್ಲ ಹೇಳಿದ್ದೆ. ಒಂದು ವಾರ ಮಾತು ಬಿಟ್ಟಳು. ಎಂಟನೆಯ ದಿನ ಬ್ರೆಡ್ಡಿನ ಜೊತೆ ಬೇಯಿಸಿದ ಮೊಟ್ಟೆ ಇಟ್ಟು, "ಎರಡು ಇದೆ, ಮೇಕೆಗೆ ಕೊಡ್ಬೇಡ," ಎಂದಳು.

ಚಿಕ್ಕಪ್ಪನಿಗೆ ಹೇಳುವುದೇ ಕಷ್ಟವಾಯಿತು. ಅವನು ಮೆಕ್ಕೆಜೋಳದ ಮುದ್ದೆ ತಿನ್ನುತ್ತಿದ್ದ. ಕೇಳಿ ಚಮಚ ಕೆಳಗಿಟ್ಟ.

"ಯಾರ್ಯಾರಿಗೆ ಹೇಳಿದೀಯ?"

"ಬೋತರಿಗೆ. ಸಂಘಕ್ಕೆ. ಶಿಖರದ ಪುಸ್ತಕದಲ್ಲೂ ಬರ್ದಿದೀನಿ."

"ಇನ್ನು ಚರ್ಚಿನ ಗಂಟೆಗೊಂದು ಹೇಳೋದು ಬಾಕಿ."

"ಹೇಳ್ಬಾರ್ದಿತ್ತಾ?"

"ನಾಲ್ಕು ವರ್ಷದ ಹಿಂದೆ ನಂಗೆ ಹೇಳ್ಬೇಕಿತ್ತು," ಎಂದ. ಮುದ್ದೆ ಅರ್ಧದಲ್ಲೇ ಬಿಟ್ಟು ಎದ್ದು ಹೋದ. ನಾನು ಅವನ ತಟ್ಟೆ ತೊಳೆದಿಟ್ಟೆ.

ಆದರೆ ಈ ತಿಂಗಳ ಹದಿನಾರನೇ ತಾರೀಖು ಸಂಘದ ಮೂವರ ಹಿಂದೆ, ಊದಿದ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಅವನೂ ಮೇಲೆ ಬಂದ. ಅವರು ಗುರುತಿನ ಅಳತೆ ತೆಗೆದರು. ಅಚ್ಚಿನ ಪಕ್ಕ ಹೆಬ್ಬೆರಳು ಇಡು ಎಂದು ನನ್ನನ್ನು ನಿಲ್ಲಿಸಿ ಫೋಟೋ ತೆಗೆದರು. ಎಲ್ಲ ಬರೆದುಕೊಂಡಾದ ಮೇಲೆ ಚಿಕ್ಕಪ್ಪ, "ಇನ್ನೊಂದು ಬರ್ಕೊಳ್ಳಿ. ಇಬ್ರು ಹೋಗ್ಬೇಕಾದ ಕಡೆಗೆ ಒಬ್ಳನ್ನ ಕಳ್ಸಿ ಕೂತೋನು ನಾನು," ಎಂದ. ಯಾರೂ ಅವನನ್ನು ಕೇಳಿರಲಿಲ್ಲ.

ಹಳೆಯ ವರದಿಯನ್ನು ತಿದ್ದುತ್ತಾರಂತೆ. ನಿಮ್ಮ ಬ್ಯಾಡ್ಜನ್ನು ಕೋಪರಿಗೆ ಕಳಿಸುತ್ತಾರೆ. ಅದನ್ನು ಇಟ್ಟುಕೊಳ್ಳುವುದು, ಬಿಡುವುದು ನಿಮ್ಮದು. ಕಲ್ಲು ತಟ್ಟಿದ ವಿಷಯ ನಾನು ಅವರಿಗೆ ಹೇಳಲಿಲ್ಲ, ಅದು ನೀವು ಹೇಳಬೇಕಾದ್ದು. ನಾನು ಇನ್ನು ಮೇಲೆ ಕುಂಚ ಹಿಡಿಯುವ ಹಾಗಿಲ್ಲ. ಅದು ಸರಿ.

ಅವರು ಇಳಿದು ಹೋದ ಮೇಲೆ ಚಿಕ್ಕಪ್ಪ ಹಗ್ಗ ಹಿಡಿದ, ನಾನು ಉಳಿಯಿಂದ ಗುರುತನ್ನು ಕೆತ್ತಿ ತೆಗೆದೆ. ಎರಡು ಗಂಟೆ ಹಿಡಿಯಿತು. ಬಣ್ಣ ಹೋಯಿತು. ತುಕ್ಕಿನ ಕೆಂಪು ಹೋಗಲಿಲ್ಲ, ಕೆತ್ತಿದಷ್ಟೂ ಒಳಗಿದೆ. "ಬಿಡು, ಅದು ಕಲ್ಲಿಂದೇ," ಎಂದ ಚಿಕ್ಕಪ್ಪ. ಅಂಚಿನ ಬಾಯಿಗೆ ಕಬ್ಬಿಣದ ಸರಪಳಿ ಹಾಕಿದೆವು.

ಲೈಟ್‌ಗೆಬ್ ಅವರಿಗೆ ಆಗಸ್ಟ್ ಕೊನೆಯಲ್ಲೇ ತೆರೆಜಿಯಾಳ ಸಹಾಯದಿಂದ ಬರೆದಿದ್ದೆ. ಬಂದು ಎದುರಿಗೆ ಹೇಳಬಹುದೇ, ನಿಮ್ಮ ಕಾಗದವನ್ನು ಕೈಗೆ ಕೊಡಬಹುದೇ ಎಂದು ಕೇಳಿದ್ದೆ. ಉತ್ತರ ಮೊನ್ನೆ ಬಂತು. ಒಂದು ಕಾರ್ಡು, ಎರಡೇ ಸಾಲು. "ಸೋಮವಾರ ಮನೆಯಲ್ಲಿರುತ್ತೇನೆ. ಮೂರನೇ ಮಹಡಿ, ಲಿಫ್ಟ್ ಇಲ್ಲ." ಅದರಲ್ಲಿ ಸಿಟ್ಟಿದೆಯೋ ಬರೀ ವಿಳಾಸವಿದೆಯೋ ನನಗೆ ತಿಳಿಯಲಿಲ್ಲ. ಆ ಮೆಟ್ಟಿಲುಗಳನ್ನು ಅವರು ದಿನಾ ಹತ್ತುತ್ತಾರೆ ಎಂಬುದು ಮಾತ್ರ ತಿಳಿಯಿತು.

ಅವರ ಭಾಷೆ ಜರ್ಮನ್, ಶಾಲೆಯಲ್ಲಿ ಆ ತರಗತಿಯಿಂದಲೇ ನಾನು ಹೆಚ್ಚು ಓಡಿಹೋಗುತ್ತಿದ್ದದ್ದು. ತೆರೆಜಿಯಾ ಮೂರು ವಾಕ್ಯ ಕಲಿಸಿದ್ದಾಳೆ. ಬರೆದವಳು ನಾನು. ಮುಚ್ಚಿದವಳು ನಾನು. ಸುಮ್ಮನಿದ್ದವಳು ನಾನು. ನಾಲ್ಕನೆಯದನ್ನೂ ಕಲಿಸಲು ಬಂದಳು, ದಯವಿಟ್ಟು ಕ್ಷಮಿಸಿ ಎಂಬುದನ್ನು. ಬೇಡ ಎಂದೆ. ಕೇಳುವುದು ಸುಲಭ, ಉತ್ತರ ಕೊಡುವ ಹೊರೆ ಅವರ ಮೇಲೆ ಬೀಳುತ್ತದೆ.

ತಂಗುಮನೆಗೆ ಶುಕ್ರವಾರ ಬೀಗ ಹಾಕಿದೆವು. ತೊಟ್ಟಿ ಖಾಲಿ ಮಾಡಿದೆವು, ಕಿಟಕಿಗಳಿಗೆ ಹಲಗೆ ಹೊಡೆದು ಊರಿಗೆ ಇಳಿದೆವು. ಮೇಲೆ ಹೊಸ ಹಿಮ ಬಿದ್ದಿದೆ. ಇನ್ನು ಜೂನ್‌ವರೆಗೆ ಕವಲಿಗೆ ಯಾರೂ ಹೋಗುವುದಿಲ್ಲ, ನಾನೂ ಬೆಳಗ್ಗೆ ಏಳಬೇಕಾಗಿಲ್ಲ. ಆದರೂ ನಾಲ್ಕು ಗಂಟೆಗೆ ಎಚ್ಚರವಾಗುತ್ತದೆ.

ನೀವು ಅವರಿಗೆ ಬರೆದ ಕಾಗದ ಚೀಲದಲ್ಲಿದೆ. ಓದಿಲ್ಲ.

ನಾಳೆ ಬೆಳಗಿನ ಮೊದಲ ಬಸ್ಸಿಗೆ ಗ್ರಾಜ್‌ಗೆ ಹೊರಡುತ್ತೇನೆ.

ಪೊಲೊನಾ